ಎಡ ಅಂಗೈಯ ತೂಕ

ಹೀರಾಬಾಯಿ ಎಡಗೈಯನ್ನು ತಲೆಯ ಮೇಲಕ್ಕೆತ್ತಿ, ಅಲ್ಲಿಂದ ಹಿಂದಕ್ಕೆ ಬಾಗಿಸಿ, ತನ್ನ ಬೆನ್ನನ್ನು ತಾನೇ ತುರಿಸಿಕೊಂಡು ತೋರಿಸಿದಾಗ ಡಾಕ್ಟರ್ ಶೈಲಶ್ರೀಗೆ ಸಂತೋಷವೇ ಆಗಬೇಕಿತ್ತು. ಆಗಲಿಲ್ಲ. ಕಳೆದ ವರ್ಷ ಕರಜಗಿಯ ಹೊಲದ ಬದುವಿನಲ್ಲಿ ಟ್ರ್ಯಾಕ್ಟರಿನಿಂದ ಬಿದ್ದು ಕೊರಳೆಲುಬು ಮುರಿದುಕೊಂಡು, ನೋವಿಗೆ ಹಲ್ಲು ಕಚ್ಚಿ ಇದೇ ಆಳಂದದ ಆಸ್ಪತ್ರೆಗೆ ಬಂದ ಹೆಂಗಸು ಈಕೆ. ಶೈಲಶ್ರೀ ಆ ಎಲುಬಿನ ಮೇಲೆ ಪ್ಲೇಟ್ ಕೂರಿಸಿ ತಿರುಪು ಬಿಗಿದಿದ್ದಳು. ಈಗ ಬೆಳಕಿಗೆ ಹಿಡಿದ ಎಕ್ಸ್‌ರೇಯಲ್ಲಿ ಮುರಿದ ಗೆರೆ ಹುಡುಕಿದರೂ ಸಿಗುತ್ತಿರಲಿಲ್ಲ. ಎಲುಬು ತನ್ನ ಗಾಯವನ್ನು ತಾನೇ ನುಂಗಿಬಿಟ್ಟಿತ್ತು. ಇಂಥದ್ದನ್ನು ಕಂಡಾಗಲೆಲ್ಲ ಅವಳಿಗೆ ಒಂದು ಕ್ಷಣ ಉಸಿರು ನಿಂತಂತಾಗುತ್ತದೆ. ಒಡೆದ ಪಿಂಗಾಣಿ ಬಟ್ಟಲು ಕಪಾಟಿನಲ್ಲಿ ಇಟ್ಟಲ್ಲೇ ಕೂಡಿಕೊಂಡಿದ್ದರೆ ಊರೆಲ್ಲ ನೋಡಲು ಬರುತ್ತಿತ್ತು, ಎಲುಬು ಕೂಡಿಕೊಂಡರೆ ಡಾಕ್ಟರಿಗೆ ಒಂದು ನಮಸ್ಕಾರ ಹೇಳಿ ಜನ ಬಸ್ಸು ಹಿಡಿಯುತ್ತಾರೆ. ಆದರೆ ಇವತ್ತು ಅವಳ ಕಣ್ಣು ಎಕ್ಸ್‌ರೇ ಬಿಟ್ಟು ಹೀರಾಬಾಯಿಯ ಹೆಗಲಿಗೆ ಹೋಯಿತು. ತೆಳ್ಳಗಿನ ಚರ್ಮದ ಕೆಳಗೆ ಪ್ಲೇಟಿನ ಅಂಚು ಉಬ್ಬಿ ಕಾಣುತ್ತಿತ್ತು. ತಾಳಿ ಕೊರಳಲ್ಲಿತ್ತು. ಎಡ ಹೆಗಲಿನಿಂದ ಎದೆಗೆ ಅಡ್ಡಲಾಗಿ ಇಳಿಯಬೇಕಾದ ಶಿವದಾರ ಇರಲಿಲ್ಲ.

ಇತ್ತು, ಹೋದ ವರ್ಷ ಇತ್ತು. ಆಪರೇಷನ್ನಿಗೆ ಮುಂಚೆ ಆ ದಾರವನ್ನೂ ಅದಕ್ಕೆ ತೂಗುವ, ಲಿಂಗವನ್ನು ಒಳಗಿಟ್ಟ ಬೆಳ್ಳಿ ಕರಡಿಗೆಯನ್ನೂ ತೆಗೆಸಿ ಅತ್ತೆಯ ಕೈಗೆ ಕೊಡಿಸಿದವಳು ಶೈಲಶ್ರೀಯೇ. ಕೇಳಬಾರದು ಎಂದುಕೊಳ್ಳುತ್ತಲೇ ಕೇಳಿಬಿಟ್ಟಳು. “ಶಿವದಾರ ಹಾಕ್ಕೊಂಡಿಲ್ಲೇನ್ರಿ?”

ಹೀರಾಬಾಯಿಯ ಮೇಲೆತ್ತಿದ್ದ ಕೈ ತಟ್ಟನೆ ಕೆಳಗಿಳಿಯಿತು. ಬಾಗಿಲ ಕಡೆ ನೋಡಿ, ಸೆರಗಿನ ತುದಿಯ ಗಂಟನ್ನು ಮುಟ್ಟಿದಳು. “ಇಲ್ಲಿ ಕಟ್ಕೊಂಡೇನ್ರಿ ಮೇಡಂ. ಹೆಗಲ ಮ್ಯಾಲ ಹಾಕ್ಕೊಂಡ್ರ ದಾರ ನೆಟ್ಟಗ ಆ ಪಟ್ಟಿ ಮ್ಯಾಲೇ ಕುಂಡ್ರತದ. ಹಗಲೆಲ್ಲ ತಿಕ್ಕಿ ತಿಕ್ಕಿ ಹುಣ್ಣಾಗಿತ್ತು. ಅತ್ತಿಗಿ ಹೇಳಿಲ್ರಿ. ಸ್ವಾಮಿಗೋಳಿಗಂತೂ ಹ್ಯಾಂಗ ಹೇಳ್ಲಿ? ಲಿಂಗ ಹೊಕ್ಕಳದ ಕೆಳಗ ಇಳಿಬಾರ್ದಂತಾರ, ಸೆರಗು ಒಮ್ಮೊಮ್ಮೆ ಇಳೀತದ.” ಸ್ವಲ್ಪ ತಡೆದು ಕೇಳಿದಳು, “ತಪ್ಪೇನ್ರಿ?” ಹಾಗೆ ಕೇಳುವಾಗ ಅವಳ ಕಣ್ಣು ಸುಮ್ಮನೆ, ಯಾವ ದುರುದ್ದೇಶವೂ ಇಲ್ಲದೆ, ಡಾಕ್ಟರ ಕೊರಳನ್ನು ನೋಡಿತು. ಬಿಳಿ ಕೋಟಿನ ಒಳಗೆ ಒಂದೆಳೆ ಬಂಗಾರದ ಸರ, ಅಷ್ಟೆ. ಹೀರಾಬಾಯಿ ತಕ್ಷಣ ಕಣ್ಣು ಬೇರೆ ಕಡೆ ತಿರುಗಿಸಿಕೊಂಡಳು, ನೋಡಬಾರದ್ದನ್ನು ನೋಡಿದವರ ಹಾಗೆ. ಶೈಲಶ್ರೀ ನೋವಿನ ಮುಲಾಮಿನ ಹೆಸರು ಬರೆದುಕೊಟ್ಟು, ಪ್ಲೇಟ್ ತೆಗೆಯಬಹುದು, ಅವಸರವೇನಿಲ್ಲ, ಬೇಸಿಗೆ ಕಳೆದು ಬನ್ನಿ ಎಂದಳು. ತನ್ನ ಮುಖ ಬಿಸಿಯಾಗಿರುವುದು ತನಗೇ ತಿಳಿಯುತ್ತಿತ್ತು.

ಎರಡು ತಿಂಗಳ ಹಿಂದೆ ಕಲಬುರಗಿಯಲ್ಲಿ ಎಲುಬಿನ ಡಾಕ್ಟರುಗಳ ಸಭೆಯಲ್ಲಿ ಅವಳು ಇದೇ ವಿಷಯದ ಮೇಲೆ ಮಾತಾಡಿದ್ದಳು. ಮುರಿದ ಕೊರಳೆಲುಬಿಗೆ ಮೇಲಿಂದ ಪ್ಲೇಟ್ ಒಳ್ಳೆಯದೋ, ಎಲುಬಿನ ಒಳಗಿನಿಂದ ತೂರಿಸುವ ಟೈಟೇನಿಯಂ ಕಡ್ಡಿ ಒಳ್ಳೆಯದೋ. ಪ್ಲೇಟ್ ಗಟ್ಟಿ, ಎಲುಬು ಚೂರಾಗಿದ್ದರೂ ಉದ್ದ ಕಡಿಮೆಯಾಗಲು ಬಿಡುವುದಿಲ್ಲ, ಆದರೆ ಗಾಯ ಉದ್ದ, ಚರ್ಮದ ಕೆಳಗೆ ತಡಕಿದರೆ ಸಿಗುತ್ತದೆ. ಕಡ್ಡಿಗೆ ಕೊರಳ ಬುಡದಲ್ಲಿ ಒಂದು ಸಣ್ಣ ತೂತು ಸಾಕು. ಆದರೆ ಚೂರಾದ ಎಲುಬು ಅದರ ಮೇಲೆ ಜಾರಿ ಗಿಡ್ಡವಾಗಬಹುದು, ಕಡ್ಡಿಯ ತುದಿ ಚರ್ಮಕ್ಕೆ ಚುಚ್ಚಬಹುದು, ಕೂಡಿದ ಮೇಲೆ ಅದನ್ನು ತೆಗೆಯಲೂಬೇಕು. ಒಂದು ವರ್ಷವಾದ ಮೇಲೆ ನೋಡಿದರೆ ಎರಡರಲ್ಲೂ ಕೈ ಒಂದೇ ಸಮ ಎತ್ತುತ್ತಾರೆ. ನಾನಂತೂ ಪ್ಲೇಟಿನ ಕಡೆ ಎಂದು ಹೇಳಿ ನಗಿಸಿ, ಚಪ್ಪಾಳೆ ಗಿಟ್ಟಿಸಿ ಇಳಿದಿದ್ದಳು. ಅದಕ್ಕಾಗಿ ರೋಗಿಗಳನ್ನು ಏನೆಲ್ಲ ಕೇಳಿದ್ದಳು: ಮೇಲಿನ ಗೂಡಿನಿಂದ ಡಬ್ಬಿ ಇಳಿಸುತ್ತೀರಾ, ಆ ಮಗ್ಗುಲಾಗಿ ಮಲಗುತ್ತೀರಾ, ಚೀಲ ಹೊರುತ್ತೀರಾ. ಜೇವರ್ಗಿಯ ಲಿಂಗವಂತರ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ದಾರದ ಬಗ್ಗೆ ಕೇಳಬೇಕೆಂದು ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ದಾರ ತನ್ನ ಹೆಗಲಿನ ಮೇಲೆ ಇದ್ದರೆ ತಾನೆ.

ಮಹಡಿಯ ವಾರ್ಡಿನಲ್ಲಿ ಮಲ್ಲಣ್ಣ ಸಾವಕಾರರು ಕಾಯುತ್ತಿದ್ದರು. ಆಳಂದದಲ್ಲಿ ತೊಗರಿ ವ್ಯಾಪಾರ, ಅರವತ್ತು ಸಮೀಪಿಸಿದ ದಪ್ಪ ದನಿಯ ಮನುಷ್ಯ. ಮೊನ್ನೆ ಖಜೂರಿ ರಸ್ತೆಯಲ್ಲಿ ಎದುರು ಬಂದ ಲಾರಿಗೆ ದಾರಿ ಬಿಡಲು ಹೋಗಿ ಸ್ಕೂಟರಿನ ಸಮೇತ ತಗ್ಗಿಗೆ ಇಳಿದಿದ್ದರು. ಎಡ ಕೊರಳೆಲುಬು ನಡುವೆ ಮುರಿದು, ಒಂದು ಸಣ್ಣ ಚೂರು ಬೇರೆಯಾಗಿತ್ತು. ಮಧ್ಯಾಹ್ನ ಆಪರೇಷನ್, ಪ್ಲೇಟ್ ಎಂದು ನಿನ್ನೆಯೇ ನಿಗದಿಯಾಗಿತ್ತು. ಮೆಟ್ಟಿಲು ಹತ್ತಿ ಬಂದ ಶೈಲಶ್ರೀ ಬಾಗಿಲಲ್ಲೇ ನಿಂತಳು. ಗಂಡ ಹೆಂಡತಿ ಎದುರುಬದುರು ಮಂಚದ ಮೇಲೆ ಕೂತು ಲಿಂಗಪೂಜೆ ಮಾಡುತ್ತಿದ್ದರು. ನಾಗರತ್ನಾಬಾಯಿಯ ಎಡ ಅಂಗೈಯಲ್ಲಿ ಅವರ ಲಿಂಗ. ಸಾವಕಾರರ ಎಡಗೈ ಜೋಳಿಗೆಯಂತೆ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗುತ್ತಿತ್ತು, ಆದರೆ ಮಣಿಕಟ್ಟಿನಿಂದ ಮುಂದೆ ಅಂಗೈ ಹೊರಬಂದು ಸಪಾಟಾಗಿ ನಿಂತಿತ್ತು, ಅದರ ಮೇಲೆ ಕಪ್ಪು ಲಿಂಗ. ಮುರಿದ ಎಲುಬಿನ ಎರಡು ತುದಿಗಳು ಒಳಗೆ ಒಂದನ್ನೊಂದು ಉಜ್ಜುತ್ತಿರಬೇಕು. ಹಣೆಯ ಮೇಲೆ ವಿಭೂತಿಯ ಕೆಳಗೆ ಬೆವರು. ಕೈ ಮಾತ್ರ ಅಲುಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಹೀಗೆ ಕೂತಾಗ ಇವಳು, ಅಜ್ಜಿ ತನ್ನ ಕೈರೇಖೆ ತಾನೇ ಓದುತ್ತಾಳೆ ಎಂದುಕೊಂಡಿದ್ದಳು, ಏನು ಬರೆದದ ಆಯೀ ಎಂದು ಕೇಳಿ ಬೈಸಿಕೊಂಡಿದ್ದಳು. ಎಷ್ಟು ಹೊತ್ತು ಹಾಗೆ ನೋಡುತ್ತ ನಿಂತಿದ್ದಳೋ, ಸಾವಕಾರರೇ ಕೊನೆಗೆ ಕಣ್ಣು ತೆರೆದು “ಬರ್ರಿ ಡಾಕ್ಟರವ್ವಾ, ಹೊರಗ್ಯಾಕ ನಿಂತೀರಿ” ಎಂದರು.

ಅವರ ಪ್ರಶ್ನೆ ಒಂದೇ. ನಿನ್ನೆಯೂ ಅದನ್ನೇ ಕೇಳಿದ್ದರು, ಇವಳು ಅರ್ಧಕ್ಕೇ ಕತ್ತರಿಸಿ ಎಲ್ಲಾ ಆರಾಮಾಗ್ತದ ಎಂದಿದ್ದಳು. “ಇದು ತಿರುಗಿ ಹಿಂಗೇ ನಿಂದರ್ತದೇನ್ರಿ?” ಎಂದು ಎಡ ಅಂಗೈಯನ್ನು ಗಲ್ಲದಿಂದ ತೋರಿಸಿದರು. “ತೂಕ ಎತ್ತೂದು ಬ್ಯಾಡ, ಗಾಡಿ ಹೊಡಿಯೂದು ಬ್ಯಾಡ, ದುಕಾನದಾಗ ಆಳುಮಕ್ಕಳಿದ್ದಾರ. ಇದೊಂದು ನಿಂದ್ರಬೇಕು. ಪೂಜಿ ಆಗದ ಬಾಯಾಗ ಹನಿ ನೀರು ಹಾಕಿದಾಂವ ಅಲ್ಲ ನಾ. ಉಪಾಸ ಸಾಯ್ತೇನಿ ಅಂತ ಹೆದರಿಸಾಕತ್ತೀನಿ ಅಂತ ತಿಳೀಬ್ಯಾಡ್ರಿ.”

“ಹೆದರ್ಸಾಕತ್ತಾರ್ರೀ” ಎಂದರು ನಾಗರತ್ನಾಬಾಯಿ. “ನಲವತ್ತು ವರ್ಷಾತು ನನ್ನ ಹಿಂಗೇ ಹೆದರ್ಸಾಕತ್ತಾರ.”

ಶೈಲಶ್ರೀ ಸ್ಟೂಲ್ ಎಳೆದುಕೊಂಡು ಕೂತಳು. ನಿನ್ನೆ ಹೇಳದಿದ್ದದ್ದನ್ನೆಲ್ಲ ಹೇಳಿದಳು. ಪ್ಲೇಟ್ ಎಂದರೆ ಮುರಿದ ಮಂಚದ ಕಾಲಿಗೆ ಬಡಿಗ ಮೇಲಿಂದ ಪಟ್ಟಿ ಇಟ್ಟು ತಿರುಪು ಹೊಡೆದ ಹಾಗೆ. ಕಡ್ಡಿ ಎಂದರೆ ಲಂಗಕ್ಕೆ ಲಾಡಿ ಪೋಣಿಸಿದ ಹಾಗೆ, ಹೊರಗೆ ಕಾಣುವುದಿಲ್ಲ. ಪ್ಲೇಟ್ ಹೆಚ್ಚು ಭರವಸೆಯದ್ದು, ನಿಮ್ಮ ಎಲುಬಿನಲ್ಲಿ ಚೂರು ಬೇರೆ ಇದೆ. ಆದರೆ ಶಿವದಾರ ಅದರ ಮೇಲೆಯೇ ಬರುತ್ತದೆ, ತಿಕ್ಕಬಹುದು. ಎಲ್ಲರಿಗೂ ಅಲ್ಲ, ಕೆಲವರಿಗೆ. ಕಡ್ಡಿ ಹಾಕಿದರೆ ಹೆಗಲು ಸಪಾಟು, ಆದರೆ ಎಲುಬು ಒಂದಿಷ್ಟು ಗಿಡ್ಡವಾಗುವ ಭಯ ಇದೆ. ಸಾವಕಾರರು ತೊಗರಿ ಬೆಲೆ ಕೇಳುವವರ ಹಾಗೆ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡರು. “ನಿಮ್ಮ ಅಪ್ಪಗ ಆಗಿದ್ರ ಯಾವುದು ಹಾಕ್ತಿದ್ರಿ?” ಎಲ್ಲ ರೋಗಿಗಳೂ ಕೇಳುವ ಪ್ರಶ್ನೆ. ಬೆಳಿಗ್ಗೆ ಕೇಳಿದ್ದರೆ ಬಾಯಿ ತುಂಬ ಪ್ಲೇಟ್ ಎನ್ನುತ್ತಿದ್ದಳು. ಈಗ ಸೆರಗಿನ ಗಂಟು ಕಣ್ಣ ಮುಂದಿತ್ತು. “ಕಡ್ಡಿ” ಎಂದಳು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಮತ್ತೊಂದು ತೊಡಕು. ಸಾವಕಾರರು ಲಿಂಗ ಬಿಟ್ಟು ಒಳಗೆ ಬರುವುದಿಲ್ಲ ಎಂದರು. ಮೈಯಿಂದ ಬೇರೆ ಮಾಡಿದರೆ ನಾನು ಹೆಣ ಎಂದರು. ಹೀರಾಬಾಯಿಯ ಕಾಲಕ್ಕೆ ಒಂದೇ ಮಾತಿನಲ್ಲಿ ತೆಗೆಸಿದ್ದ ಶೈಲಶ್ರೀಗೆ ಇಂದು ಬಾಯಿ ಬರಲಿಲ್ಲ. ಅರಿವಳಿಕೆ ಕೊಡುವ ಡಾಕ್ಟರ್ ಶಾಹಿದ ಮುಂದೆ ಬಂದ. “ಪೂರಾ ನಿದ್ದಿ ಮಾಡ್ಸೂದಿಲ್ಲಲ್ರಿ ಮೇಡಂ, ಕುತ್ತಿಗಿ ಮಗ್ಗಲದಾಗ ಸೂಜಿ ಕೊಟ್ಟು ಎಡಗೈ ಜೋಮು ಮಾಡ್ತೇನಿ. ಬಲಗೈ ಖಾಲಿ ಅದ. ಬೆಳ್ಳಿ ಕರಡಿಗಿ ಬ್ಯಾಡ, ಬರೇ ಲಿಂಗ ಹಿಡ್ಕೊಳ್ಳಿ.” ಸ್ಟೆರೈಲ್ ಬಟ್ಟೆಯ ಪೊಟ್ಟಣ ಒಡೆದು ನೀಡಿದ, ಸುತ್ತಿಕೊಡಲು ಹೋದವನು ಕೈ ಹಿಂದಕ್ಕೆ ತೆಗೆದುಕೊಂಡು, “ನೀವೇ ಸುತ್ಕೋರಿ ಸಾವಕಾರ್ರೆ, ನಾ ಮುಟ್ಟೂದಿಲ್ಲ” ಎಂದ. ಸಾವಕಾರರು ಅವನನ್ನು ನೋಡಿ ನಕ್ಕರು. “ನೀವು ಮುಟ್ಟಿದ್ರ ಅದೇನ್ ಕರಗ್ತದೇನ್ರಿ” ಎಂದು, ಬಟ್ಟೆಯ ಗಂಟನ್ನು ಅವನಿಂದಲೇ ಬಿಗಿಸಿಕೊಂಡರು.

ಹಸಿರು ಬಟ್ಟೆ ಹೊದಿಸಿದ ಮೇಲೆ ಮನುಷ್ಯ ಮಾಯವಾಗಿ ಅಂಗೈಯಗಲದ ಚರ್ಮ ಮಾತ್ರ ಉಳಿಯುತ್ತದೆ. ಕೊರಳ ಬುಡದಲ್ಲಿ ತೂತು ಮಾಡಿ ಕಡ್ಡಿಯನ್ನು ಹಿಡಿಕೆಯಿಂದ ತಿರುಗಿಸುತ್ತ ಒಳಗೆ ಕಳಿಸಿದಳು. ಪಕ್ಕದ ಎಕ್ಸ್‌ರೇ ಪರದೆಯ ಮೇಲೆ ಬೂದು ಬಣ್ಣದ ಎಲುಬು, ಅದರೊಳಗೆ ನಡೆಯುತ್ತಿರುವ ಕಪ್ಪು ಗೆರೆ. ಕೊರಳೆಲುಬು ನೆಟ್ಟಗಿರುವುದಿಲ್ಲ, ಮುಂದೆ ಬಾಗಿ ಹಿಂದೆ ಬಾಗಿ ಹಾವಿನ ನಡಿಗೆ ಅದರದ್ದು. ತೆಳ್ಳಗಿನ ಕಡ್ಡಿ ಆ ತಿರುವಿನಲ್ಲಿ ತಾನೂ ಬಾಗುತ್ತ ದಾರಿ ಹುಡುಕಿಕೊಂಡು ಹೋಗುವುದನ್ನು ಎಷ್ಟು ಸಲ ನೋಡಿದರೂ ಅವಳಿಗೆ ರೋಮಾಂಚನ. ತಾಯಿಯ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಮೊದಲು ಗಟ್ಟಿಯಾಗಲು ತೊಡಗುವ ಎಲುಬು ಇದು. ಇದರ ಒಳತುದಿ ಕೂಡಿಕೊಳ್ಳುವುದು ಮಾತ್ರ ಎಲ್ಲಕ್ಕಿಂತ ಕೊನೆಗೆ, ಮನುಷ್ಯ ಬೆಳೆದು ದೊಡ್ಡವನಾಗಿ ಬೇರೆಯವರಿಗೆ ಬುದ್ಧಿ ಹೇಳುವ ವಯಸ್ಸಿಗೆ. ಮೆಡಿಕಲ್ ಕಾಲೇಜಿನ ಮೊದಲ ವಾರ ಮೇಷ್ಟ್ರು ಇದನ್ನು ಹೇಳುತ್ತ ಒಂದು ಒಣ ಕೊರಳೆಲುಬನ್ನು ಅವಳ ಎಡ ಅಂಗೈಯ ಮೇಲೆ ಇಟ್ಟಿದ್ದರು. ಹೆಣ ಮುಟ್ಟಬೇಕಲ್ಲ ಎಂದು ಆ ಬೆಳಿಗ್ಗೆಯೇ ಹಾಸ್ಟೆಲಿನಲ್ಲಿ ಲಿಂಗ ಬಿಚ್ಚಿ ಡಬ್ಬಿಯಲ್ಲಿ ಇಟ್ಟು ಬಂದಿದ್ದಳು, ಸಂಜೆ ಸ್ನಾನ ಮಾಡಿ ಕಟ್ಟಿಕೊಂಡರಾಯಿತೆಂದು. ಆ ಸಂಜೆ ಬರಲೇ ಇಲ್ಲ. ಡಬ್ಬಿ ಈಗಲೂ ಕಪಾಟಿನಲ್ಲಿ ಬಳೆಗಳ ಹಿಂದೆ ಇದೆ.

“ಮೇಡಂ” ಎಂದ ಶಾಹಿದ, ಮೆಲ್ಲಗೆ. ಪರದೆಯ ಮೇಲೆ ಕಪ್ಪು ಗೆರೆ ಮುರಿದ ಜಾಗದಲ್ಲಿ ಎಲುಬು ಬಿಟ್ಟು ಕೆಳಗೆ ಇಳಿದಿತ್ತು. ಹೆಚ್ಚೇನಲ್ಲ, ಒಂದು ಕಡಲೆಕಾಳಿನಷ್ಟು. ಶೈಲಶ್ರೀ ಕೈ ತಡೆದಳು. ಆ ಎಲುಬಿನ ಕೆಳಗೇ ಕೈಗೆ ಹೋಗುವ ದೊಡ್ಡ ರಕ್ತನಾಳ, ಅದರ ಬದಿಗೆ ಕೈಯ ಎಲ್ಲ ನರಗಳ ಜಡೆ. ಕಡ್ಡಿ ಹಿಂದಕ್ಕೆಳೆದಳು. ಹಟ ಮಾಡದೆ ಮುರಿದ ಜಾಗದ ಮೇಲೆ ಸಣ್ಣದೊಂದು ಗಾಯ ಮಾಡಿ, ಎಲುಬಿನ ಎರಡು ತುದಿಗಳನ್ನು ಬೆರಳಿನಿಂದಲೇ ಹಿಡಿದು ಕೂಡಿಸಿದಳು, ಚೂರನ್ನು ಅದರ ಜಾಗಕ್ಕೆ ಒತ್ತಿದಳು. ಕಡ್ಡಿ ದಾಟಿತು. ಎಲುಬಿನ ಕೆಳಗೆ ತೋರುಬೆರಳಿಗೆ ಏನೋ ಬಡಿಯುತ್ತಿತ್ತು, ನಿಧಾನವಾಗಿ, ಆತುರವಿಲ್ಲದೆ. ಮಲ್ಲಣ್ಣ ಸಾವಕಾರರ ನಾಡಿ. ಲಾರಿ, ತಗ್ಗು, ಕಡ್ಡಿ, ತನ್ನ ಕೈ, ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಅದು ತನ್ನ ಪಾಡಿಗೆ ನಡೆದಿತ್ತು. ಅವಳಿಗೆ ಭಯದ ನಡುವೆಯೂ ಕೈ ಮುಗಿಯಬೇಕೆನಿಸಿತು. ಹಸಿರು ಬಟ್ಟೆಯ ಆಚೆ ಬಲ ಮುಷ್ಟಿ ಇಷ್ಟು ಹೊತ್ತೂ ಸಡಿಲಾಗಿರಲಿಲ್ಲ ಎಂದು ಶಾಹಿದ ಆಮೇಲೆ ಹೇಳಿದ.

ಸಂಜೆ ಎಡಗೈ ಜೋಮಾಗಿಯೇ ಇತ್ತು. ಅದು ಇರಬೇಕಾದ್ದೇ. ಬೆಳಗಿನ ತನಕವೂ ಇರಬಹುದು ಎಂದು ಶಾಹಿದ ಹೇಳಿ ಹೋಗಿದ್ದ. ಆದರೆ ಮನೆಯಲ್ಲಿ ಅನ್ನ ಕಲಸುತ್ತ ಕೂತ ಶೈಲಶ್ರೀಗೆ ಆ ಕಡಲೆಕಾಳಿನಷ್ಟು ಕಪ್ಪು ಗೆರೆ ತಟ್ಟೆಯಲ್ಲಿಯೇ ಕಾಣುತ್ತಿತ್ತು. ಜೋಮು ಸೂಜಿಯದ್ದೋ, ಕಡ್ಡಿಯದ್ದೋ? ಎರಡೂ ಹೊರಗಿನಿಂದ ಒಂದೇ ತರ. ಪ್ಲೇಟ್ ಹಾಕಿದ್ದರೆ ಹೀಗೆ ಕಣ್ಣಿಗೆ ಕಾಣದೆ ಒಳಗೆ ತೂರಿಸುವ ಪ್ರಶ್ನೆಯೇ ಇರಲಿಲ್ಲ, ಎಲ್ಲ ಕಣ್ಣೆದುರು. ಕಡ್ಡಿ ಎಂದು ಹೇಳಿದ್ದು ಯಾರು, ಡಾಕ್ಟರೋ, ಅಥವಾ ಒಬ್ಬ ಹೆಂಗಸು ಕೊರಳು ನೋಡಿದ್ದಕ್ಕೆ ನಾಚಿದ ಇನ್ನೊಬ್ಬ ಹೆಂಗಸೋ? ತಾನು ಕಟ್ಟಿಕೊಳ್ಳದ ದಾರಕ್ಕೆ ದಂಡ ಎಂದು ಬೇರೆಯವರ ಕೈಯನ್ನು ಕೊಟ್ಟೆನೇ? ಹಾಗೆ ಯೋಚಿಸುವುದೂ ಒಂದು ಜಂಭವೇ ಎನಿಸಿ ತನ್ನ ಮೇಲೆ ತನಗೇ ರೇಗಿತು. ಆ ಮನುಷ್ಯನಿಗೆ ಬೇಕಾದದ್ದು ಒಂದು ಅಂಗೈ. ಅದು ಹೋಗಿದ್ದರೆ ತನ್ನ ನಾಚಿಕೆ, ತನ್ನ ಜಂಭ ತೆಗೆದುಕೊಂಡು ಅವರು ಏನು ಮಾಡಬೇಕು.

ಬೆಳಿಗ್ಗೆ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ವಾರ್ಡಿನಲ್ಲಿದ್ದಳು. ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಸಾವಕಾರರು ಕೂತಿದ್ದರು. ತುಟಿ ಒಣಗಿತ್ತು. ನಿನ್ನೆ ಪೂಜೆಯಾದ ಮೇಲೆ ಹಾಕಿದ ಗುಟುಕು ನೀರೇ ಕೊನೆಯದು. ಆಪರೇಷನ್ ಆದ ಮೇಲೆ ಕುಡಿಯಿರಿ ಎಂದರೂ, ಕೈ ಬರಲಿ, ಪೂಜೆ ಮಾಡಿಯೇ ಕುಡಿಯುತ್ತೇನೆ ಎಂದು ಹಟ ಹಿಡಿದಿದ್ದರಂತೆ. ಸಲೈನ್ ಮೇಲೆ ಜೀವ ಹಿಡಿದಿದ್ದರು. ಎದುರು ಮಂಚದಲ್ಲಿ ನಾಗರತ್ನಾಬಾಯಿ ತಮ್ಮ ಪೂಜೆಗೆ ಕೂತಾಗಿತ್ತು, ಅವರ ಅಂಗೈ ತುಂಬಿತ್ತು, ಕಣ್ಣು ಮುಚ್ಚಿತ್ತು.

ಶೈಲಶ್ರೀ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಹಿಂಡಿದಳು. “ಗೊತ್ತಾಗ್ತದೇನ್ರಿ? ಇಲ್ಲಿ? ಇದು?”

“ಇಲ್ರಿ. ಯಾರದೋ ಕೈ ತಂದು ನನ್ನ ಮಗ್ಗಲದಾಗ ಇಟ್ಟಂಗಾಗ್ಯದ.” ಆ ದಪ್ಪ ದನಿ ಇಂದು ತೆಳುವಾಗಿತ್ತು. “ಆಗಲೇ ಲಿಂಗ ಇಟ್ಕೊಂಡು ನೋಡಿದ್ನಿ ಅವ್ವಾ. ಕೈ ವಾಲಿ ಬೀಳ್ತಿತ್ತು, ಬಲಗೈಲೇ ಹಿಡ್ಕೊಂಡ್ನಿ. ಅಂಗೈಯಾಗ ಐತೋ ಇಲ್ಲೋ ಅಂತ ಕಣ್ಣು ತೆರೆದು ನೋಡಬೇಕು. ಕಣ್ಣು ಮುಚ್ಚಿದ್ರ ಏನೂ ಇಲ್ಲ.” ಅವರ ಕಣ್ಣಲ್ಲಿ ನೀರಿತ್ತು. ಮಾರುಕಟ್ಟೆಯಲ್ಲಿ ಹತ್ತು ಜನರ ದನಿ ಅಡಗಿಸುವ ಮನುಷ್ಯ ಹೀಗೆ ಅಳುವುದನ್ನು ನೋಡುವ ಅಧಿಕಾರ ತನಗಿಲ್ಲವೆನಿಸಿತು ಅವಳಿಗೆ. ದಿಂಬಿನ ಮೇಲೆ ಕೈ ಇಡೋಣವೇ ಎಂದಳು. ಅವರು ತಲೆ ಅಲ್ಲಾಡಿಸಿದರು. ಎದುರಿಗೆ ಹೆಂಡತಿಯ ಕಡೆ ನೋಡಿದರು, ತುಂಬಿದ ಅಂಗೈ ನೋಡಿದರು. ಆಮೇಲೆ ಡಾಕ್ಟರನ್ನು ನೋಡಿದರು. “ನಿಮ್ಮ ಕೈ ಕೆಳಗ ಕೊಡ್ತೀರೇನು?”

“ನಾ ಸ್ನಾನ ಮಾಡೇನ್ರಿ, ಆದ್ರ...” ಎಂದಳು. ಕೈ ತನ್ನ ಬರಿಗೊರಳಿಗೆ ಹೋಯಿತು. ಅವರು ಏನೂ ಕೇಳಲಿಲ್ಲ. ಕೊರಳು ನೋಡಲಿಲ್ಲ.

ಸಾವಕಾರರ ಎಡ ಮೊಣಕೈಯನ್ನು ಅವರ ಹೊಟ್ಟೆಗೆ ಆನಿಸಿ, ಮುಂಗೈ ಎತ್ತಿ, ಆ ತಣ್ಣಗಿನ ಭಾರವಾದ ಕೈಯ ಕೆಳಗೆ ತನ್ನ ಎಡ ಅಂಗೈ ಇಟ್ಟಳು. ಸಾವಕಾರರು ಬಲಗೈಯಿಂದ ಲಿಂಗವನ್ನು ತಂದು ಕೂರಿಸಿದರು. ನೀರೆರೆದರು, ಅವರ ಬೆರಳ ಸಂದಿಯಿಂದ ಇಳಿದು ಅವಳ ಅಂಗೈ ಒದ್ದೆಯಾಯಿತು. ವಿಭೂತಿ, ಒಂದು ಹೂವು. ಅವರು ಕಣ್ಣು ಮುಚ್ಚಿದರು. ಶೈಲಶ್ರೀಗೆ ಕಣ್ಣು ಮುಚ್ಚುವ ಧೈರ್ಯವಿರಲಿಲ್ಲ. ತಾನು ಒಂದಿಷ್ಟು ಅಲುಗಿದರೆ ಅದು ಉರುಳುತ್ತದೆ. ಎರಡು ಅಂಗೈಗಳ ನಡುವೆ ಮತ್ತೆ ಅದೇ ನಾಡಿ ಬಡಿಯುತ್ತಿತ್ತು, ಈ ಸಲ ಅದು ಅವರದ್ದೋ ತನ್ನದೋ ಗೊತ್ತಾಗಲಿಲ್ಲ. ಅವಳ ತೋಳು ನೋಯತೊಡಗಿತು. ಇಷ್ಟು ಚಿಕ್ಕ ವಸ್ತುವಿಗೆ ಇಷ್ಟು ತೂಕ ಎಲ್ಲಿಂದ ಬರುತ್ತದೆ ಎಂದು ಬೆರಗಾಯಿತು. ಕೆಳಗೆ ರಸ್ತೆಯಲ್ಲಿ ಅಫಜಲಪುರದ ಬಸ್ಸು ಹಾರ್ನ್ ಹೊಡೆಯಿತು, ವಾರ್ಡಿನಲ್ಲಿ ಯಾರೋ ಕೆಮ್ಮಿದರು, ನರ್ಸ್ ಬಾಗಿಲಿಗೆ ಬಂದು ನೋಡಿ ಹಿಂದಕ್ಕೆ ಹೋದಳು. ಕೂಡಿಸಿದ ಎಲುಬು, ಅದರೊಳಗಿನ ಕಡ್ಡಿ, ಕೆಳಗಿನ ನರಗಳ ಜಡೆ, ಎಲ್ಲವೂ ಈ ಹೆಗಲಿನಲ್ಲೇ ಇದ್ದವು. ಅವುಗಳಲ್ಲಿ ಯಾವುದರ ಮೇಲೂ ಅವಳ ಮಾತು ಈಗ ನಡೆಯುವಂತಿರಲಿಲ್ಲ. ಹಿಡಿದುಕೊಂಡು ನಿಲ್ಲುವುದಷ್ಟೇ ಅವಳಿಗೆ ಉಳಿದಿತ್ತು.

ಮೊದಲು ತಿಳಿದದ್ದು ಅವಳಿಗೇ. ಅವಳ ಅಂಗೈಯ ಮೇಲೆ ಅವರ ಹೆಬ್ಬೆರಳಿನ ಬುಡದ ಸ್ನಾಯು ಇರುವೆ ಹರಿದಂತೆ ಮಿಡಿಯಿತು. ಭ್ರಮೆ ಎಂದುಕೊಂಡಳು. ಮತ್ತೆ ಮಿಡಿಯಿತು. ಸಾವಕಾರರ ಹುಬ್ಬು ಗಂಟಾಯಿತು, ದೂರದಲ್ಲಿ ಯಾರೋ ಕರೆದದ್ದನ್ನು ಆಲಿಸುವವರ ಹಾಗೆ. ಕಣ್ಣು ತೆರೆಯಲಿಲ್ಲ.

“ತೂಕ ಬಂತು” ಎಂದರು. “ಅವ್ವಾ, ತೂಕ ಬಂತು. ಥಂಡ ಹತ್ತಾಕತ್ತದ.”

ಅವರ ಬೆರಳುಗಳು ಒಂದೊಂದೇ ಒಳಮುಖವಾಗಿ, ಬಹಳ ನಿಧಾನವಾಗಿ, ಲಿಂಗದ ಸುತ್ತ ಬಟ್ಟಲಿನಂತೆ ಕೂಡಿಕೊಂಡವು. ಬಿಸಿಲು ಮಂಚದ ಕಾಲಿನಿಂದ ಹಾಸಿಗೆಗೆ ಏರುವವರೆಗೆ ಇಬ್ಬರೂ ಹಾಗೆಯೇ ಇದ್ದರು. ಎದುರು ಮಂಚದಲ್ಲಿ ನಾಗರತ್ನಾಬಾಯಿ ಪೂಜೆ ಮುಗಿಸಿ, ಏನೂ ಕೇಳದೆ, ನೀರಿನ ಲೋಟ ಹಿಡಿದು ಕಾಯುತ್ತ ಕೂತಿದ್ದರು.

“ಈಗ ನಿಮ್ಮ ಕೈ ತೆಗೀರಿ” ಎಂದರು ಸಾವಕಾರರು.

ಅವಳು ಹೆದರುತ್ತ, ಇಷ್ಟಿಷ್ಟಾಗಿ ಕೈಯನ್ನು ಕೆಳಗಿನಿಂದ ಸರಿಸಿಕೊಂಡಳು. ಅವರ ಅಂಗೈ ಸಣ್ಣಗೆ ನಡುಗಿತು, ವಾಲಿತು, ತನ್ನನ್ನು ತಾನೇ ಸರಿಪಡಿಸಿಕೊಂಡು ಸಪಾಟಾಗಿ ನಿಂತಿತು. ಶೈಲಶ್ರೀ ಅದನ್ನು ನೋಡುತ್ತ ಎಷ್ಟೋ ಹೊತ್ತು ನಿಂತಿದ್ದಳು. ತನ್ನ ಎಡಗೈ ಇನ್ನೂ ಎದೆಯ ಮಟ್ಟದಲ್ಲೇ, ಅಂಗೈ ಮೇಲಾಗಿ, ಒದ್ದೆಯಾಗಿ, ಏನನ್ನೋ ಹಿಡಿದಂತೆ ಇದ್ದುದು ನಾಗರತ್ನಾಬಾಯಿ ಆ ಕಡೆ ನೋಡಿದ ಮೇಲೆ ಅವಳಿಗೆ ಗೊತ್ತಾಯಿತು. ಅದರಲ್ಲಿ ಏನೂ ಇರಲಿಲ್ಲ. ಆದರೂ ಅದನ್ನು ಕೆಳಗಿಳಿಸಲು ಅವಳಿಗೆ ಆಗಲಿಲ್ಲ.